ಸಹಿ ಬೀಳದ ಡಬ್ಬ ಲೆಕ್ಕಕ್ಕುಂಟೇ?

ಕಳೆದ ಸಂಚಿಕೆಯಲ್ಲಿ ಜಿಯೋಕ್ಯಾಶಿಂಗ್ ಎಂಬ ಹವ್ಯಾಸದ ಬಗ್ಗೆ ಕೊಟ್ಟ ಒಂದು ಪುಟ್ಟ ಉತ್ತರಕ್ಕೆ ಗಡಿನಾಡಿನಿಂದ ಇಷ್ಟೊಂದು ಪತ್ರಗಳು ಬಂದಾವೆಂದು ನಾನು ಎಣಿಸಿರಲಿಲ್ಲ. ಹೊಸ ಓದುಗರಿಗಾಗಿ ಎರಡು ಮಾತು. ಒಬ್ಬರು ಒಂದು ಡಬ್ಬವನ್ನು ಎಲ್ಲೋ ಅಡಗಿಸಿಟ್ಟು ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಆಟದ ಜಾಲತಾಣದಲ್ಲಿ ಪ್ರಕಟಿಸುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಅದನ್ನು ಹುಡುಕಿ, ಒಳಗಿನ ಪುಸ್ತಿಕೆಯಲ್ಲಿ ಹೆಸರೂ ತಾರೀಕೂ ಬರೆದು, ಇದ್ದಲ್ಲಿಯೇ ಇದ್ದ ಹಾಗೆಯೇ ಮರಳಿ ಇಟ್ಟು, ಸಿಕ್ಕಿತೆಂದು ಜಾಲತಾಣದಲ್ಲೂ ದಾಖಲಿಸುತ್ತಾರೆ. ಆಟ ಇಷ್ಟೇ. ಸೀಟಿ ಊದುವವರಿಲ್ಲ, ತೀರ್ಪುಗಾರರಿಲ್ಲ. ತಕರಾರುಗಳಿಗೆ ಮಾತ್ರ ಕೊರತೆಯಿಲ್ಲವೆಂಬುದು ಈ ಸಲದ ಅಂಚೆಯಿಂದ ಗೊತ್ತಾಯಿತು.

ಪ್ರಶ್ನೆ: ನಮ್ಮೂರಿನ ಗುಡ್ಡದ ದಾರಿಯಲ್ಲಿ ಮುರಕಲ್ಲಿನ ಪಾಗಾರದ ಸಂದಿಯಲ್ಲಿದ್ದ ಡಬ್ಬವನ್ನು ನಾನು ಪತ್ತೆಹಚ್ಚಿದೆ. ಕಣ್ಣಿಗೆ ಕಂಡಿತು, ಬೆರಳೂ ತಾಗಿತು. ಆದರೆ ಪಕ್ಕದಲ್ಲೇ ಕಣಜದ ಗೂಡಿದ್ದುದರಿಂದ ಹೊರತೆಗೆಯಲಿಲ್ಲ. ಫೋಟೊ ತೆಗೆದು ‘ಸಿಕ್ಕಿತು’ ಎಂದು ದಾಖಲಿಸಿದೆ. ಡಬ್ಬ ಇಟ್ಟವರು ನನ್ನ ದಾಖಲೆಯನ್ನು ಅಳಿಸಿಹಾಕಿದ್ದಾರೆ. ಇದು ನ್ಯಾಯವೇ? (ವಿದ್ಯಾರ್ಥಿನಿ, ಬದಿಯಡ್ಕ)

ಉತ್ತರ: ನ್ಯಾಯವೇ, ತಂಗೀ. ಅಡಿಕೆ ಮರದ ಬುಡದಲ್ಲಿ ನಿಂತು ಗೊನೆ ಎಣಿಸಿದರೆ ಕೊಯಿಲಾದಂತಾಗದು. ಹುಡುಕಬೇಕಾದುದಕ್ಕೆ ಈ ಆಟದಲ್ಲಿ ಕ್ಯಾಶ್ ಎಂದು ಹೆಸರು. ಡಬ್ಬವಿರುವ ಕ್ಯಾಶ್‌ಗಳ ಮಟ್ಟಿಗೆ ನಿಯಮ ಸ್ಪಷ್ಟವಾಗಿದೆ: ಪುಸ್ತಿಕೆಯಲ್ಲಿ ಹೆಸರು ಬಿದ್ದ ಮೇಲೆಯೇ ‘ಸಿಕ್ಕಿತು’ ಎನ್ನುವ ಹಕ್ಕು ಬರುತ್ತದೆ. ಪ್ರತಿಯೊಂದು ಡಬ್ಬಕ್ಕೂ ಹುಡುಕುವ ಕಷ್ಟಕ್ಕೊಂದು, ದಾರಿಯ ಕಷ್ಟಕ್ಕೊಂದು ಎಂದು 1ರಿಂದ 5ರ ತನಕ ಅರ್ಧರ್ಧ ಅಂಕದ ಏಣಿಯಲ್ಲಿ ಎರಡು ಅಂಕಗಳನ್ನು ಕೊಟ್ಟಿರುತ್ತಾರೆ. ಮರದ ತುದಿಯಲ್ಲಿ ತೂಗುಬಿಟ್ಟ ಡಬ್ಬಕ್ಕೆ ದಾರಿಯ ಅಂಕ ಹೆಚ್ಚಿರುವುದು ಮರ ಹತ್ತಬೇಕೆಂಬ ಕಾರಣಕ್ಕೇ. ಕೆಳಗೆ ನಿಂತು ನೋಡಿದವರನ್ನೂ ಹತ್ತಿ ಸಹಿ ಹಾಕಿದವರನ್ನೂ ಒಂದೇ ಸಾಲಿನಲ್ಲಿ ಕೂರಿಸಿದರೆ ಆ ಅಂಕಗಳಿಗೆ ಅರ್ಥವೇ ಉಳಿಯುವುದಿಲ್ಲ.

ಪುಸ್ತಿಕೆಯ ಮೇಲಿನ ಈ ಹಠ ಇತ್ತೀಚಿನದ್ದೂ ಅಲ್ಲ. 2000ದ ಮೇ 3ರಂದು ಅಮೆರಿಕದ ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಎಂಬಲ್ಲಿ ಡೇವ್ ಅಲ್ಮರ್ ಎಂಬವರು ಕಪ್ಪು ಪ್ಲಾಸ್ಟಿಕ್ ಬಕೆಟ್ಟೊಂದನ್ನು ಇಟ್ಟು ಈ ಆಟವನ್ನು ಶುರುಮಾಡಿದಾಗಲೇ, ಒಂದು ವಸ್ತು ತೆಗೆದುಕೊಳ್ಳಿ, ಒಂದು ವಸ್ತು ಇಡಿ, ಎಲ್ಲವನ್ನೂ ಪುಸ್ತಕದಲ್ಲಿ ಬರೆಯಿರಿ ಎಂಬ ಸೂಚನೆಯನ್ನು ಕೊಟ್ಟಿದ್ದರು. ಜಿಯೋಕ್ಯಾಶಿಂಗ್ ಎಂಬ ಹೆಸರು ಬಂದದ್ದು ಅದೇ ತಿಂಗಳ ಕೊನೆಗೆ. ಎಂದರೆ ಹೆಸರಿಗಿಂತಲೂ ಪುಸ್ತಿಕೆಯೇ ಹಳೆಯದು.

ಆದರೆ ಇದೇ ನಿಯಮ ಇಟ್ಟವರನ್ನೂ ಕಟ್ಟಿಹಾಕುತ್ತದೆ. ಒಂದು ಕಾಲಕ್ಕೆ ಕೆಲವರು, ಸಹಿ ಹಾಕಿದರೆ ಸಾಲದು, ತಲೆಗೆ ಇಂಥ ಟೊಪ್ಪಿ ಇಟ್ಟು ಫೋಟೊ ತೆಗೆದು ಕಳುಹಿಸಬೇಕು, ಪದ್ಯ ಬರೆಯಬೇಕು ಎಂದೆಲ್ಲ ಷರತ್ತು ಹಾಕುತ್ತಿದ್ದರು. 2009ರಲ್ಲಿ ಅಂಥ ಹೆಚ್ಚುವರಿ ಷರತ್ತುಗಳಿಗೆ ಕಡಿವಾಣ ಬಿತ್ತು. ಪುಸ್ತಿಕೆಯಲ್ಲಿ ನಿಮ್ಮ ಹೆಸರಿದ್ದರೆ, ಫೋಟೊ ಇಲ್ಲವೆಂಬ ಕಾರಣಕ್ಕೆ ನಿಮ್ಮ ದಾಖಲೆಯನ್ನು ಯಾರೂ ಅಳಿಸುವಂತಿಲ್ಲ. ಇನ್ನು, ಡಬ್ಬವನ್ನು ತೆರೆದು ನೋಡಿದರೆ ಕಾಗದ ನೆನೆದು ಮುದ್ದೆಯಾಗಿತ್ತು ಎನ್ನೋಣ. ಆಗ ಆ ಮುದ್ದೆಯ ಫೋಟೊ ತೆಗೆದು ಇಟ್ಟವರಿಗೆ ತಿಳಿಸುವುದು ರೂಢಿ, ಒಪ್ಪುವುದು ಬಿಡುವುದು ಅವರ ದೊಡ್ಡತನ. ನಿಮ್ಮ ವಿಷಯದಲ್ಲಿ ಹಾಗೂ ಆಗಿಲ್ಲ. ಕಣಜದ ಗೂಡಿದೆ ಎಂದೊಂದು ಟಿಪ್ಪಣಿ ಹಾಕಿ. ನಿಮ್ಮ ಮುಂದಿನವರ ಕೈ ಉಳಿದೀತು. ಗೂಡು ಖಾಲಿಯಾದ ಮೇಲೆ ಪೆನ್ಸಿಲ್ ಹಿಡಿದು ಹೋಗಿ.

ಪ್ರಶ್ನೆ: ಹೊಸ ಡಬ್ಬವೊಂದು ಪ್ರಕಟವಾದ ದಿನ ನನ್ನ ಗೆಳೆಯ ಬೆಳಿಗ್ಗೆ 6.40ಕ್ಕೆ ತಲುಪಿ ಸಹಿ ಹಾಕಿದ, ಆದರೆ ಅಲ್ಲಿ ನೆಟ್‌ವರ್ಕ್ ಸಿಗದ್ದರಿಂದ ಮಧ್ಯಾಹ್ನ ಮನೆಗೆ ಬಂದು ದಾಖಲಿಸಿದ. ನಾನು 8 ಗಂಟೆಗೆ ತಲುಪಿದರೂ ನನ್ನ ಸಿಮ್‌ಗೆ ಸಿಗ್ನಲ್ ಇದ್ದುದರಿಂದ ಕೂಡಲೇ ಆ್ಯಪ್‌ನಲ್ಲಿ ದಾಖಲಿಸಿದೆ. ‘ಮೊದಲಿಗ’ ಯಾರು? (ಓದುಗರು, ಕುಂಬಳೆ)

ಉತ್ತರ: ಕಂಬಳದಲ್ಲಿ ಓಟ ಮುಗಿಯುವ ಮಂಜೊಟ್ಟಿಯನ್ನು ಮೊದಲು ಏರಿದ ಕೋಣಗಳಿಗೆ ಬಹುಮಾನವೇ ಹೊರತು, ಮೊದಲು ಮೈಕಿನಲ್ಲಿ ಹೆಸರು ಕೂಗಿಸಿಕೊಂಡವರಿಗಲ್ಲ. ನಿಮ್ಮ ಗೆಳೆಯರೇ ಮೊದಲಿಗರು. 6.40ರ ಸಹಿಯ ಕೆಳಗೆ ನೀವೇ ಸಹಿ ಹಾಕಿ ಬಂದಿದ್ದೀರಿ. ಅದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಬೇಕೇ?

ಒಂದು ಮಾತು ಮಾತ್ರ ಇಬ್ಬರಿಗೂ ಗೊತ್ತಿರಲಿ. ಎಫ್‌ಟಿಎಫ್ (ಫಸ್ಟ್ ಟು ಫೈಂಡ್) ಎಂದು ಆಟಗಾರರು ಕರೆಯುವ ಈ ‘ಮೊದಲಿಗ’ ಪಟ್ಟವನ್ನು ಆಟ ನಡೆಸುವ ಸಿಯಾಟಲ್‌ನ ಸಂಸ್ಥೆ ಅಧಿಕೃತ ದಾಖಲೆಯಾಗಿ ಪರಿಗಣಿಸುವುದಿಲ್ಲ. ಅದು ಆಟಗಾರರು ತಮ್ಮತಮ್ಮೊಳಗೆ ಕಟ್ಟಿಕೊಂಡ ಮರ್ಯಾದೆ. ಹಾಗಾಗಿ ಮೇಲ್ಮನವಿಗೆ ಜಾಗವಿಲ್ಲ. ಪ್ರಕಟಣೆಗೆ ಮುಂಚೆಯೇ ಇಟ್ಟವರಿಂದ ಗುಟ್ಟಾಗಿ ಅಕ್ಷಾಂಶ ಪಡೆದು ಹೋದವರು ಮೊದಲಿಗರೇ ಎಂಬ ಚರ್ಚೆಯೂ ಇದೆ. ಪುಸ್ತಿಕೆಯಲ್ಲಿ ಅವರ ಹೆಸರು ಮೊದಲು ಇರಬಹುದು, ಆದರೆ ಓಟ ಶುರುವಾಗುವ ಗಂತಿಗಿಂತ ಮುಂದೆ ನಿಂತು ಓಡಿದವರನ್ನು ನಾನಂತೂ ಲೆಕ್ಕಕ್ಕೆ ಹಿಡಿಯಲಾರೆ.

ಪ್ರಶ್ನೆ: ಪ್ರಕಟವಾದ ಸ್ಥಾನಕ್ಕೂ ಡಬ್ಬ ನಿಜವಾಗಿ ಸಿಕ್ಕಿದ ಸ್ಥಾನಕ್ಕೂ 18 ಮೀಟರ್ ವ್ಯತ್ಯಾಸವಿತ್ತು. ಇಟ್ಟವರು ನನ್ನ ಫೋನೇ ಸರಿಯಿಲ್ಲ ಎನ್ನುತ್ತಾರೆ. ತಿದ್ದಬೇಕಾದವರು ಯಾರು? (ಓದುಗರು, ಮುಳ್ಳೇರಿಯ)

ಉತ್ತರ: ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿರಲಾರರು. ಆಕಾಶ ತೆರೆದ ಪಾರೆಯ ಮೇಲೆ ನಿಂತರೆ ಸಾಮಾನ್ಯ ಮೊಬೈಲಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ. ಅಡಿಕೆ ಸೋಗೆಗಳ ಕೆಳಗೋ ಎತ್ತರದ ದರೆಯ ಪಕ್ಕದಲ್ಲೋ ನಿಂತರೆ, ಉಪಗ್ರಹದ ಸಂಕೇತ ಎಲೆಗಳಲ್ಲಿ ಸೊರಗಿ, ಕಲ್ಲಿಗೆ ಬಡಿದು, ಸುತ್ತುಬಳಸಿ ಬರುವುದರಿಂದ ಆ ಅಂತರ ಹಿಗ್ಗುತ್ತದೆ. ಇಟ್ಟವರ ಫೋನು ಒಂದು ದಿಕ್ಕಿಗೆ ಜಾರಿ, ನಿಮ್ಮದು ಎದುರು ದಿಕ್ಕಿಗೆ ಜಾರಿದರೆ 18 ಮೀಟರ್ ಏನೂ ಹೆಚ್ಚಲ್ಲ. ತಿದ್ದುವ ಅಧಿಕಾರ ಇಟ್ಟವರದ್ದು, ತಿಳಿಸುವ ಹಕ್ಕು ನಿಮ್ಮದು. ಬೇರೆಬೇರೆ ದಿನ, ಬೇರೆಬೇರೆ ಹೊತ್ತಿನಲ್ಲಿ ನಾಲ್ಕಾರು ಸಲ ಅಳತೆ ತೆಗೆದು ಸರಾಸರಿಯನ್ನು ಕೊಡುವುದು ಇಟ್ಟವರ ಕೆಲಸವಾಗಿತ್ತು. ಹುಡುಕಿದ ಮೂವರೋ ನಾಲ್ವರೋ ಒಂದೇ ದಿಕ್ಕಿನ ತಪ್ಪನ್ನು ತೋರಿಸಿಕೊಟ್ಟರೆ ಅವರು ತಿದ್ದಿಕೊಳ್ಳುವುದೇ ಸಭ್ಯತೆ. 2000ದ ಮೇ 1ರ ತನಕ ಅಮೆರಿಕ ಸರಕಾರ ನಾಗರಿಕರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಕೆಡಿಸಿ ಕೊಡುತ್ತಿತ್ತು, 100 ಮೀಟರಿನಷ್ಟು ತಪ್ಪು ಬರುತ್ತಿತ್ತು ಎಂಬುದನ್ನು ನೆನೆದರೆ ನಿಮ್ಮ ಜಗಳ ಸಣ್ಣದೆನಿಸೀತು. ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಆದೇಶದಂತೆ ಆ ರಾತ್ರಿ ಅದು ನಿಂತದ್ದರಿಂದಲೇ ಅಲ್ಮರ್ ಅವರ ಬಕೆಟ್ಟಿಗೆ ಯೋಗ ಕೂಡಿಬಂತು.

ಯಂತ್ರವನ್ನು ದೂರುವ ಮೊದಲು ಅಂಕೆಗಳನ್ನು ಓದಿದ್ದು ಸರಿಯೇ ಎಂದು ನೋಡಿಕೊಳ್ಳಬೇಕು. ಈ ಪಾಠ ನನಗೆ ಪುಕ್ಕಟೆಯಾಗಿ ಸಿಕ್ಕಿದ್ದಲ್ಲ. ಈ ಆಟದಲ್ಲಿ ಅಕ್ಷಾಂಶವನ್ನು ಡಿಗ್ರಿ, ಮಿನಿಟು, ಮಿನಿಟಿನ ಸಾವಿರದ ಒಂದು ಪಾಲು ಎಂಬ ಲೆಕ್ಕದಲ್ಲಿ ಬರೆಯುತ್ತಾರೆ; ಕೊನೆಯ ಅಂಕೆ ಒಂದು ಹೆಚ್ಚಿದರೆ ನೆಲದಲ್ಲಿ 1.85 ಮೀಟರ್ ಸರಿದಂತೆ. ಚಂದ್ರಗಿರಿ ಹೊಳೆಯ ದಕ್ಷಿಣಕ್ಕೆ 12 ಡಿಗ್ರಿ 26.250 ಮಿನಿಟಿನಲ್ಲಿದ್ದ ಡಬ್ಬವನ್ನು ನಾನು 26 ಮಿನಿಟು 25 ಸೆಕೆಂಡ್ ಎಂದು ಓದಿಕೊಂಡೆ. ಕಾಲು ಮಿನಿಟೆಂದರೆ 15 ಸೆಕೆಂಡ್ ಎಂಬುದು ಒಂದನೇ ತರಗತಿಯವರಿಗೂ ಗೊತ್ತು. ಆ ಹತ್ತು ಸೆಕೆಂಡಿನ ತಪ್ಪು ನನ್ನನ್ನು 300 ಮೀಟರ್ ಉತ್ತರಕ್ಕೆ, ಒಬ್ಬರ ಮನೆಯ ಹಿತ್ತಿಲಿಗೆ ಕೊಂಡೊಯ್ದು ನಿಲ್ಲಿಸಿತು. 2022ರ ದಿನಗಳವು, ತಿರುವನಂತಪುರದಿಂದ ಕಾಸರಗೋಡಿನ ತನಕದ ವೇಗದ ರೈಲುಮಾರ್ಗಕ್ಕಾಗಿ ಹಳದಿ ಕಲ್ಲು ನೆಡಲು ಬಂದವರನ್ನು ಜನ ಅಲ್ಲಲ್ಲಿ ತಡೆಯುತ್ತಿದ್ದ ಕಾಲ. ಕೈಯಲ್ಲಿ ಯಂತ್ರ ಹಿಡಿದು ತೆಂಗಿನ ಬುಡಗಳ ನಡುವೆ ಹೆಜ್ಜೆ ಅಳೆಯುತ್ತಿದ್ದ ನನ್ನನ್ನು ಕಂಡ ಆ ಮನೆಯ ಅಜ್ಜ, ಹಿಡಿದಿದ್ದ ಮಡಲನ್ನು ಕೆಳಗಿಡದೆ, ಕೆ-ರೈಲಿನವರೋ ಎಂದು ಮಲಯಾಳದಲ್ಲಿ ಕೇಳಿದರು. ಅಲ್ಲ, ಒಂದು ಡಬ್ಬ ಹುಡುಕುತ್ತಿದ್ದೇನೆ ಎಂದೆ. ಅದು ಇನ್ನೂ ಕೆಟ್ಟಿತು. ಅವರು ಒಂದು ಮಾತನ್ನೂ ಆಡದೆ ನನ್ನ ಜೊತೆ ರಸ್ತೆಯ ತನಕ ನಡೆದು ಬಂದು, ನಾನು ಬಸ್ಸು ಹತ್ತುವ ತನಕ ಅಲ್ಲೇ ನಿಂತಿದ್ದರು.

ಪ್ರಶ್ನೆ: ನಮ್ಮ ತೋಟದ ಮೇಲಿನ ಸುರಂಗದ ಬಾಯಿಯಲ್ಲಿ ಯಾರೋ ಪ್ಲಾಸ್ಟಿಕ್ ಡಬ್ಬವೊಂದನ್ನು ಇಟ್ಟುಹೋಗಿದ್ದಾರೆ. ಮೂರು ಸಲ ಅಪರಿಚಿತರು ತಡಮೆ ದಾಟಿ ಬಂದರು. ತೆಗೆದು ಎಸೆಯೋಣವೆಂದರೆ, ಅದು ಬೇರೆಯವರ ಸೊತ್ತು, ಮುಟ್ಟಬಾರದು ಎನ್ನುತ್ತಾನೆ ಮಗ. ಏನು ಮಾಡಲಿ? (ಕೃಷಿಕ ಮಹಿಳೆ, ಎಣ್ಮಕಜೆ)

ಉತ್ತರ: ತೆಗೆಯಿರಿ, ಅಕ್ಕ. ಜಾಗದ ಯಜಮಾನರ ಒಪ್ಪಿಗೆಯಿಲ್ಲದೆ ಡಬ್ಬ ಇಡಬಾರದೆಂಬುದು ಈ ಆಟದ್ದೇ ನಿಯಮ. ಪ್ರಕಟಿಸುವಾಗ ಒಪ್ಪಿಗೆ ಪಡೆದಿದ್ದೇನೆಂದು ಇಟ್ಟವರು ಮಾತು ಕೊಟ್ಟಿರುತ್ತಾರೆ. ನಿಮ್ಮನ್ನು ಕೇಳಿಲ್ಲವೆಂದಾದರೆ ಮಾತು ಮುರಿದವರು ಅವರು. ಹಿತ್ತಿಲಿಗೆ ನುಗ್ಗಿದ ತಪ್ಪು ನನ್ನದೂ ಆಗಿರುವುದರಿಂದ ಈ ಉತ್ತರದಲ್ಲಿ ಸ್ವಲ್ಪ ಪಶ್ಚಾತ್ತಾಪವೂ ಸೇರಿದೆಯೆಂದು ತಿಳಿಯಿರಿ.

ಆದರೆ ಎಸೆದರೆ ಮುಗಿಯಲಿಲ್ಲ. ಡಬ್ಬ ಹೋದರೂ ಅದರ ಪ್ರಕಟಣೆ ಉಳಿದಿರುತ್ತದೆ. ಜನ ಬರುತ್ತಲೇ ಇರುತ್ತಾರೆ, ಸಿಗದ ಕಾರಣ ಇನ್ನಷ್ಟು ಹೊತ್ತು ತಡಕಾಡುತ್ತಾರೆ, ಕೊನೆಗೆ ಕಲ್ಲು ಮಗುಚಿ ನೋಡುತ್ತಾರೆ. ಡಬ್ಬದ ಮೇಲೋ ಪುಸ್ತಿಕೆಯ ಮೊದಲ ಪುಟದಲ್ಲೋ ‘ಜಿಸಿ’ ಎಂದು ಶುರುವಾಗುವ ಗುರುತುಸಂಖ್ಯೆ ಬರೆದಿದೆಯೇ ನೋಡಿ. ಜಾಗದ ಯಜಮಾನರು ನಾವು, ನಮ್ಮ ಒಪ್ಪಿಗೆಯಿಲ್ಲ ಎಂದು ಆ ಸಂಖ್ಯೆಯೊಂದಿಗೆ ಸಂಸ್ಥೆಗೆ ಬರೆಯಲು ಮಗನಿಗೆ ಹೇಳಿ. ಪ್ರಕಟಣೆಯನ್ನು ಶಾಶ್ವತವಾಗಿ ಮುಚ್ಚುವುದು ಅವರ ಕರ್ತವ್ಯ. ಅಷ್ಟರ ತನಕ ಡಬ್ಬವನ್ನು ಅಟ್ಟದಲ್ಲಿಡಿ; ಕೇಳಿಕೊಂಡು ಬಂದರೆ ಕೊಟ್ಟರಾಯಿತು, ಮಗನ ಮಾತೂ ಉಳಿಯಿತು.

ಸುರಂಗದ ವಿಷಯದಲ್ಲಿ ನಾನು ಇನ್ನೂ ಖಡಾಖಂಡಿತವಾಗಿ ಹೇಳಬಯಸುತ್ತೇನೆ. ಗುಡ್ಡದ ಒಡಲಿಗೆ ಅಡ್ಡಕ್ಕೆ ಕೊರೆದು ನೀರನ್ನು ತಾನಾಗಿ ಹರಿಸಿಕೊಳ್ಳುವ ಈ ಏರ್ಪಾಡು ನಮ್ಮ ಸೀಮೆಯಲ್ಲಿ ಎಷ್ಟೋ ಮನೆಗಳಿಗೆ ಕುಡಿಯುವ ನೀರಿನ ಮೂಲ. ಒಳಗೆ ಉಸಿರಾಡಲು ಗಾಳಿ ಸಾಲದಿರಬಹುದು, ಬಾವಲಿಗಳೋ ಹಾವುಗಳೋ ಇರಬಹುದು, ಮಳೆಗಾಲದಲ್ಲಿ ಮಣ್ಣು ಕುಸಿಯಬಹುದು. ದೂರದಲ್ಲೆಲ್ಲೋ ಕುಳಿತು ಪ್ರಕಟಣೆಗೆ ಒಪ್ಪಿಗೆ ಕೊಡುವ ಸ್ವಯಂಸೇವಕ ಪರಿಶೀಲಕರಿಗೆ ಕಾಣುವುದು ನಕ್ಷೆ ಮಾತ್ರ. ನಕ್ಷೆಯಲ್ಲಿ ಸುರಂಗ ಕಾಣುವುದಿಲ್ಲ. ನಾಗಬನವೂ ಬರಿಯ ಹಸಿರು ಚುಕ್ಕೆ. ಬನದ ಕಲ್ಲಿನೆಡೆಯಲ್ಲಿ, ದೈವದ ಕಟ್ಟೆಯ ಬಿರುಕಿನಲ್ಲಿ, ಸುರಂಗದ ಬಾಯಿಯಲ್ಲಿ ಇಡಬಾರದೆಂಬುದನ್ನು ಸಿಯಾಟಲ್‌ನವರು ಬರೆದಿಟ್ಟಿಲ್ಲವೆಂದು ವಾದಿಸುವವರಿದ್ದಾರೆ. ಇಲ್ಲಿ ಹುಟ್ಟಿ ಬೆಳೆದವರಿಗೆ ಅದನ್ನು ಬರೆದು ತೋರಿಸಬೇಕೇ? ಬೇಕಲದ ಕೋಟೆಯ ಗೋಡೆಗೆ ತುರುಕುವ ಆಸೆಯಿರುವವರಿಗೂ ಇದೇ ಮಾತು. ಅದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಅಲ್ಲಿಯ ಒಂದು ಕಲ್ಲನ್ನು ಅಲುಗಿಸಿದರೂ ಅಪರಾಧ. ರೈಲುನಿಲ್ದಾಣ, ಬಸ್‌ನಿಲ್ದಾಣಗಳ ಬಳಿ ವಾರಸುದಾರರಿಲ್ಲದ ಡಬ್ಬ ಕಂಡರೆ ಪೊಲೀಸರು ಮೊದಲು ನೆನೆಯುವುದು ಬಾಂಬನ್ನೇ ಹೊರತು ಹವ್ಯಾಸವನ್ನಲ್ಲ.

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಭಾವ ಒಂದೇ ದಿನದಲ್ಲಿ 400 ಡಬ್ಬ ಪತ್ತೆಹಚ್ಚಿದ್ದಾನಂತೆ. ಒಂದರ ಬಳಿ ಕಾರು ನಿಲ್ಲಿಸಿ, ಮೊದಲೇ ಸಹಿ ಹಾಕಿಟ್ಟ ಡಬ್ಬವನ್ನು ಅಲ್ಲಿಟ್ಟು, ಅಲ್ಲಿದ್ದುದನ್ನು ಎತ್ತಿಕೊಂಡು, ಮುಂದಿನದಕ್ಕೆ ಹೋಗುವಾಗ ಕಾರಿನಲ್ಲೇ ಅದಕ್ಕೆ ಸಹಿ ಹಾಕುವುದಂತೆ. ಇದು ದಾಖಲೆಯೇ? (ಓದುಗರು, ಮಂಜೇಶ್ವರ)

ಉತ್ತರ: ಭಾವ ಬುರುಡೆ ಬಿಡುತ್ತಿಲ್ಲ. ಎರಡು ಡಬ್ಬಗಳ ನಡುವೆ ಕನಿಷ್ಠ 161 ಮೀಟರ್, ಎಂದರೆ ಮೈಲಿಯ ಹತ್ತನೇ ಒಂದು ಪಾಲು, ಅಂತರವಿರಬೇಕೆಂದು ನಿಯಮ. ಜಾಗವನ್ನು ಕಿಕ್ಕಿರಿಸದಿರಲಿ ಎಂದು ಮಾಡಿದ ಈ ಅಂತರವನ್ನೇ ಹಿಡಿದು, ರಸ್ತೆಯುದ್ದಕ್ಕೂ ಮೈಲಿಗೆ ಹತ್ತರಂತೆ ಇಡುವ ಪದ್ಧತಿ ಬೆಳೆಯಿತು. ನೆವಾಡಾದ ಮರುಭೂಮಿಯ ಹೆದ್ದಾರಿಯೊಂದರಲ್ಲಿ 2010ರಲ್ಲಿ ಹೀಗೆ ಸಾವಿರಕ್ಕೂ ಹೆಚ್ಚು ಡಬ್ಬಗಳನ್ನು ಸಾಲಾಗಿ ಇಟ್ಟರು. ಅಲ್ಲಿ ಭಾವನಂಥವರು ಒಂದರ ಜಾಗದಲ್ಲಿ ಇನ್ನೊಂದನ್ನಿಡುತ್ತ ಓಡುತ್ತಾರೆ.

ಎಲ್ಲ ಡಬ್ಬಗಳೂ ಒಬ್ಬರದ್ದೇ ಆಗಿ, ಹೀಗೆ ಮಾಡಬಹುದೆಂದು ಅವರೇ ಬರೆದಿದ್ದರೆ ನನಗೇನೂ ತಕರಾರಿಲ್ಲ. ಇಲ್ಲವಾದರೆ ಅದು ಸರಿಯಲ್ಲ. ಈ ಜಾಗಕ್ಕೆ ನಾನು ಬಂದಿದ್ದೆ ಎಂದು ಒಬ್ಬರು ಬರೆದಿಟ್ಟ ಕಾಗದ ಸಂಜೆಯ ಹೊತ್ತಿಗೆ ಮುಂದಿನ ಕಂಬದ ಬುಡದಲ್ಲಿರುತ್ತದೆ. ಆ ಸಹಿ ಯಾವ ಜಾಗಕ್ಕೆ ಸಾಕ್ಷಿ ಹೇಳಬೇಕು? ಹುಡುಕಿ ಸಿಗದಿದ್ದಾಗ ಕಿಸೆಯಿಂದ ಹೊಸ ಡಬ್ಬ ತೆಗೆದಿಟ್ಟು, ಅದಕ್ಕೇ ಸಹಿ ಹಾಕಿ ‘ಸಿಕ್ಕಿತು’ ಎನ್ನುವುದು ಇದರ ತಮ್ಮ. ಹಳೆಯದು ಎರಡು ಅಡಿ ಆಚೆ ಹಾಯಾಗಿ ಇದ್ದೀತು. ಮುಂದೆ ಬಂದವರಿಗೆ ಒಂದೇ ಕಡೆ ಎರಡೆರಡು. ಸಿಗಲಿಲ್ಲವೆಂದರೆ ಸಿಗಲಿಲ್ಲವೆಂದು ಬರೆಯಬೇಕು. ನಾಲ್ಕು ಜನ ಸಾಲಾಗಿ ‘ಸಿಗಲಿಲ್ಲ’ ಎಂದು ಬರೆದ ಮೇಲೆಯೇ ಅಲ್ಲವೇ ಇಟ್ಟವರು ಹೋಗಿ ನೋಡುವುದು?

ಇನ್ನು ಆ 400. ಸಂಖ್ಯೆ ಅವನ ಹೆಸರಿನ ಪಕ್ಕದಲ್ಲಿ ಕಾಣುತ್ತದೆ, ನಿಜ. ಮದುವೆಯೂಟದಲ್ಲಿ ಯಾರು ಎಷ್ಟು ಹೋಳಿಗೆ ತಿಂದರೆಂಬ ಲೆಕ್ಕವೂ ಹೀಗೆಯೇ ಪಂಕ್ತಿಯಿಂದ ಪಂಕ್ತಿಗೆ ಸಾಗುತ್ತದೆ; ಬಡಿಸಿದವರು ಬರೆದಿಟ್ಟುಕೊಂಡಿರುವುದಿಲ್ಲ.

ಪ್ರಶ್ನೆ: ನಮ್ಮ ಶಾಲೆಯ ಮೈದಾನದ ಸುತ್ತ ಮಕ್ಕಳಿಗಾಗಿ ಹತ್ತು ಡಬ್ಬ ಇಟ್ಟು ಪ್ರಕಟಿಸಬಹುದೇ? (ಅಧ್ಯಾಪಕರು, ನೀರ್ಚಾಲು)

ಉತ್ತರ: ಪ್ರಕಟಿಸಲು ಬಾರದು, ಮಾಸ್ತರರೇ. ಶಾಲೆಯ ಆವರಣಕ್ಕೆ ಅಪರಿಚಿತರನ್ನು ಕರೆದಂತಾಗುವುದರಿಂದ ನಿಯಮವೇ ಅದನ್ನು ತಡೆಯುತ್ತದೆ, 161 ಮೀಟರಿನ ಅಂತರವೂ ಹೊಂದದು. ಪ್ರಕಟಿಸದೆ, ನಿಮ್ಮ ಮಕ್ಕಳಿಗೇ ಆಡಿಸಿದರೆ ಯಾರ ಅಡ್ಡಿಯೂ ಇಲ್ಲ. ಪ್ರಕಟಿಸಲೇಬೇಕೆಂದಿದ್ದರೆ 2004ರಲ್ಲಿ ಶುರುವಾದ ಅರ್ತ್‌ಕ್ಯಾಶ್ ಎಂಬ ಬಗೆಯಿದೆ. ಅದರಲ್ಲಿ ಡಬ್ಬವೇ ಇಲ್ಲ. ನೆಲವನ್ನು ನೋಡಿ ಕೇಳಿದ ಪ್ರಶ್ನೆಗಳಿಗೆ ಉತ್ತರ ಕಳುಹಿಸಿದರೆ ಅದೇ ಸಹಿ. ಮುರಕಲ್ಲಿಗೆ ಇಂಗ್ಲಿಷಿನಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ ಫ್ರಾನ್ಸಿಸ್ ಬುಕಾನನ್ ತನ್ನ ಪ್ರಯಾಣದಲ್ಲಿ ನಮ್ಮ ಸೀಮೆಯನ್ನು ಹಾದುಹೋದವನೇ. ನಿಮ್ಮೂರಿನ ಪಾರೆಯನ್ನು ನೋಡಿ ಉತ್ತರಿಸಬಹುದಾದ ನಾಲ್ಕು ಪ್ರಶ್ನೆಗಳನ್ನು ನಿಮ್ಮ ಮಕ್ಕಳೇ ಬರೆದಾರು.

ಪ್ರಶ್ನೆ: ಡಬ್ಬದೊಳಗೆ ಗೇರುಬೀಜ ಇಡಬಹುದೇ? (ಐದನೇ ತರಗತಿ, ಕುಂಬ್ಡಾಜೆ)

ಉತ್ತರ: ಬೇಡ ಮಗಾ. ಇರುವೆಗೂ ಇಲಿಗೂ ಅಕ್ಷಾಂಶ ರೇಖಾಂಶ ಬೇಕಾಗುವುದಿಲ್ಲ. ತಿನ್ನುವ ವಸ್ತುಗಳು ಈಗ ನಿಷಿದ್ಧ. ಅಲ್ಮರ್ ಅವರ ಮೊದಲ ಬಕೆಟ್ಟಿನಲ್ಲಿ ಬೀನ್ಸಿನ ಡಬ್ಬಿಯಿತ್ತು, ಬಕೆಟ್ಟನ್ನು ಅರ್ಧ ಮಣ್ಣಿನಲ್ಲಿ ಹೂತಿದ್ದರು. ಜಾಗದ ಯಜಮಾನರ ಒಪ್ಪಿಗೆಯಿಲ್ಲದೆ ನೆಲ ಅಗೆಯುವುದೂ ಈಗ ಕೂಡದು. ಮೊದಲ ಡಬ್ಬವನ್ನು ಇಂದು ಇಟ್ಟಿದ್ದರೆ ಪರಿಶೀಲಕರು ಎರಡೆರಡು ಕಾರಣಕ್ಕೆ ಹಿಂದಕ್ಕೆ ಕಳುಹಿಸುತ್ತಿದ್ದರು. ಗೋಲಿಯೋ ಬಣ್ಣದ ಪೆನ್ಸಿಲೋ ಇಡು. ಒಂದನ್ನು ತೆಗೆದುಕೊಂಡರೆ ಅಷ್ಟೇ ಬೆಲೆಯದ್ದನ್ನು ಇಡಲು ಮರೆಯಬೇಡ.

ಪ್ರಶ್ನೆ: ನಾನು ದುಬೈಯಲ್ಲಿರುವವನು. ಮೇ ತಿಂಗಳಲ್ಲಿ ರಜೆಗೆ ಬಂದಾಗ ಊರಿನಲ್ಲಿ ಎರಡು ಡಬ್ಬ ಇಡಬೇಕೆಂದಿದ್ದೇನೆ. ಪರಿಶೀಲಕರು ಒಪ್ಪಲಾರರೆಂದು ಗೆಳೆಯರು ಹೇಳುತ್ತಾರೆ. ಹೌದೇ? (ಓದುಗರು, ಉಪ್ಪಳ)

ಉತ್ತರ: ಗೆಳೆಯರು ಹೇಳಿದ್ದು ಸರಿ. ರಜೆಯಲ್ಲಿ ಇಟ್ಟುಹೋದ ಡಬ್ಬಗಳನ್ನು ಅವರು ಸುಲಭದಲ್ಲಿ ಒಪ್ಪುವುದಿಲ್ಲ, ಏಕೆಂದರೆ ಇಟ್ಟವರೇ ಅದರ ಆರೈಕೆ ಮಾಡಬೇಕು. ದೂರು ಬಂದರೆ ಸರಿಪಡಿಸಲು ಸಾಮಾನ್ಯವಾಗಿ ನಾಲ್ಕು ವಾರಗಳ ಅವಕಾಶ. ಮೇಯಲ್ಲಿ ಇಟ್ಟು ಹೋದರೆ ಜೂನ್ ಮೊದಲ ವಾರದ ಮಳೆಗೇ ದೂರು ಬಂದೀತು, ನಿಮಗೆ ರಜೆ ಸಿಗುವುದು ಮುಂದಿನ ವರ್ಷ. ಊರಿನಲ್ಲಿ ಆರೈಕೆಗೆ ಒಪ್ಪಿದವರೊಬ್ಬರಿದ್ದಾರೆಂದು ಅರ್ಜಿಯಲ್ಲಿ ವಿವರವಾಗಿ ಬರೆದರೆ ದಾರಿಯುಂಟು. ತಮ್ಮನನ್ನೋ ನೆರೆಮನೆಯವರನ್ನೋ ಕೇಳಿ, ಆದರೆ ಮೊದಲು ಅವರನ್ನೇ ಒಂದು ಸಲ ಡಬ್ಬದ ತನಕ ನಡೆಸಿ. ಫೋನಿನಲ್ಲಿ ದಾರಿ ಹೇಳಿ ಆರೈಕೆ ಮಾಡಿಸಲಾಗದು.

ಬರುವಾಗ ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಯಂತ್ರವನ್ನು ಮಾತ್ರ ತರಬೇಡಿ. ಜಿಪಿಎಸ್ ನೋಡುವುದಕ್ಕೆ ತೊಂದರೆಯಿಲ್ಲ, ಆದರೆ ಅನುಮತಿಯಿಲ್ಲದ ಉಪಗ್ರಹ ಫೋನು, ಸಂದೇಶಯಂತ್ರಗಳು ಭಾರತದಲ್ಲಿ ಅಪರಾಧ. ವಿಮಾನನಿಲ್ದಾಣದಲ್ಲೇ ರಜೆ ಮುಗಿದೀತು. ತರುವುದಾದರೆ ರಬ್ಬರಿನ ಸುತ್ತುಪಟ್ಟಿಯಿದ್ದು ಬಿಗಿಯಾಗಿ ಮುಚ್ಚುವ ಡಬ್ಬವನ್ನೇ ತನ್ನಿ. ಪುಸ್ತಿಕೆಯನ್ನು ಜಿಪ್ ಇರುವ ಚೀಲದೊಳಗೆ ಹಾಕಿ, ಜೊತೆಗೆ ಪೆನ್ಸಿಲ್ ಇಡಿ, ಪೆನ್ನು ಬೇಡ. ನಮ್ಮ ಮಳೆಗೆ ಶಾಯಿಯ ಸಹಿ ಆಟಿ ತಿಂಗಳು ದಾಟುವುದಿಲ್ಲ.